ಬಂಪರ್ ಮೇಲೆ ಫೈಬರ್ ಅಂಟುವುದಿಲ್ಲ, ದಯವಿಟ್ಟು ಕೇಳಿ

ಮನೆಯಲ್ಲೇ ಬಾಡಿ ಕಿಟ್ (ಕಾರಿನ ಅಂದಕ್ಕೆ ಹೊರಗೆ ಕೂರಿಸುವ ತುಂಡುಗಳು) ಮಾಡಲು ಹೊರಟವರು ಮೊದಲು ಕಾರಿನ ಬಂಪರ್ ಬಿಚ್ಚಿ, ಮಗುಚಿ ಹಾಕಿ, ಒಳಬದಿಯ ಕೆಸರು ಒರೆಸಿ ನೋಡಿ. ಎಲ್ಲೋ ಒಂದು ಮೂಲೆಯಲ್ಲಿ, ಎರಡು ಬಾಣದ ಗುರುತಿನ ನಡುವೆ, ಸಣ್ಣ ಅಕ್ಷರ ಎದ್ದು ಕಾಣುತ್ತದೆ. ಈಗಿನ ಹೆಚ್ಚಿನ ಕಾರುಗಳಲ್ಲಿ ಅದು ‘ಪಿಪಿ’ ಅಥವಾ ‘ಪಿಪಿ + ಇಪಿಡಿಎಂ’ ಎಂದಿರುತ್ತದೆ. ಪಿಪಿ ಅಂದರೆ ಪಾಲಿಪ್ರೊಪಿಲೀನ್. ಇಪಿಡಿಎಂ ಒಂದು ಜಾತಿಯ ರಬ್ಬರ್. ಏಟು ಬಿದ್ದರೆ ಬಂಪರ್ ಒಡೆಯದೆ ಬಗ್ಗಲಿ ಎಂದು ಅದನ್ನು ಸೇರಿಸುತ್ತಾರೆ.

ಈ ಎರಡಕ್ಷರ ಓದದೆ ನಮ್ಮ ಕಾಸರಗೋಡು ಕಡೆಯ ಹುಡುಗರು ಕಳೆದ ದುಡ್ಡು ನೆನೆದರೆ ನನಗೆ ಬೇಜಾರಾಗುತ್ತದೆ. ಉಪ್ಪಳ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಎಲ್ಲ ಕಡೆಯಿಂದ ನಮ್ಮ ಫೈಬರ್ ಕೆಲಸದ ಶೆಡ್ಡಿಗೆ ಬರುತ್ತಾರೆ. ಎಲ್ಲರದ್ದೂ ಒಂದೇ ಕತೆ. ಮಂಗಳೂರಿನಿಂದ ರೆಸಿನ್ (ಕಲಸಿದರೆ ಗಟ್ಟಿಯಾಗುವ ದ್ರವ), ಮ್ಯಾಟ್ (ಗಾಜಿನ ನೂಲಿನ ಹಾಸು) ತಂದು, ರಜೆಯಲ್ಲಿ ಅಂಗಳದಲ್ಲಿ ಕೂತು, ಮುಂದಿನ ಬಂಪರ್ ಮೇಲೆ ನೇರವಾಗಿ ಇವೆರಡು ಸೇರಿದ ಫೈಬರ್ ಹಾಕಿ ಲಿಪ್ (ಬಂಪರಿನ ಕೆಳಗೆ ತುಟಿಯ ಹಾಗೆ ಚಾಚುವ ಅಂಚು) ಕಟ್ಟಿರುತ್ತಾರೆ. ಆಕಾರ ಚೆಂದವೇ ಬಂದಿರುತ್ತದೆ. ಕೆಲವರ ಕೈಕೆಲಸ ನೋಡಿದರೆ ನಮ್ಮ ಶೆಡ್ಡಿಗೇ ಕರೆದುಕೊಳ್ಳೋಣ ಅನಿಸುತ್ತದೆ. ಆದರೆ ಸ್ವಲ್ಪ ದಿನ ಕಳೆದ ಮೇಲೆ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ಆಮೇಲೆ ಉಗುರು ಹಾಕಿ ಎತ್ತಿದರೆ ಇಡೀ ಲಿಪ್ ಎದ್ದು ಬರುತ್ತದೆ.

ನಮ್ಮ ಶೆಡ್ಡಿನಲ್ಲಿ ರೆಸಿನ್ ಕಲಸುವುದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ. ಅದೂ ಪಿಪಿಯದ್ದೇ. ಸಂಜೆ ಆ ಬಕೆಟ್ ತೊಳೆಯುವುದಿಲ್ಲ, ತಳದಲ್ಲಿ ಉಳಿದದ್ದು ಗಟ್ಟಿಯಾಗಲು ಬಿಡುತ್ತೇವೆ. ಬೆಳಿಗ್ಗೆ ಬಕೆಟ್ಟನ್ನು ಎರಡೂ ಕೈಯಲ್ಲಿ ಒತ್ತಿದರೆ ಟಪ್ ಎನ್ನುತ್ತದೆ. ರೆಸಿನ್ನಿನ ಬಿಲ್ಲೆ ಇಡಿಯಾಗಿ ಕಳಚಿ ಬರುತ್ತದೆ, ಬಕೆಟ್ಟಿನಲ್ಲಿ ಒಂದು ಚೂರೂ ಉಳಿಯುವುದಿಲ್ಲ. ಬಂದ ಹುಡುಗರಿಗೆಲ್ಲ ನಾನು ಮೊದಲು ತೋರಿಸುವುದು ಇದನ್ನೇ. ಬಕೆಟ್ಟಿಗೆ ಅಂಟದ್ದು ಬಂಪರಿಗೆ ಹೇಗೆ ಅಂಟೀತು?

ಹಲಸಿನಹಣ್ಣು ಬಿಡಿಸುವಾಗ ಮೇಣ ಅಂಟದಿರಲಿ ಎಂದು ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳುತ್ತೇವೆ ಅಲ್ವಾ? ಪಿಪಿ ಹುಟ್ಟುವಾಗಲೇ ಹಾಗೆ ಎಣ್ಣೆ ಹಚ್ಚಿಕೊಂಡ ಪ್ಲಾಸ್ಟಿಕ್. ನಾವು ಬಳಸುವ ಪಾಲಿಯೆಸ್ಟರ್ ರೆಸಿನ್ ಅದರ ಮೇಲೆ ಹರಡಿಕೊಳ್ಳುತ್ತದೆ, ಒಣಗುತ್ತದೆ, ಹಿಡಿದುಕೊಳ್ಳುವುದಿಲ್ಲ. ಒರೆಸಿ ತೊಳೆದರೆ ಹೋಗುವ ಜಿಡ್ಡು ಇದಲ್ಲ, ಆ ಪ್ಲಾಸ್ಟಿಕ್ಕಿನ ಗುಣವೇ ಹಾಗೆ.

ಈ ತಪ್ಪು ತಿಳಿವಳಿಕೆ ಎಲ್ಲಿಂದ ಬಂತು ಎಂದು ನನಗೆ ಗೊತ್ತು. ನಮ್ಮದು ಕಡಲ ಕರೆಯ ಊರು. ಕಸಬಾದಲ್ಲಿ, ಮಂಜೇಶ್ವರದಲ್ಲಿ ಫೈಬರ್ ದೋಣಿ ತೂತಾದರೆ ಉಜ್ಜಿ, ಮೇಲೆ ಮ್ಯಾಟ್ ಇಟ್ಟು, ರೆಸಿನ್ ಹಚ್ಚಿ ಮತ್ತೆ ಕಡಲಿಗೆ ಇಳಿಸುತ್ತಾರೆ. ಅದು ನಿಲ್ಲುತ್ತದೆ, ಯಾಕೆಂದರೆ ದೋಣಿಯೇ ಫೈಬರಿನದ್ದು. ಇನ್ನು ಹಳೇ ಪೇಂಟರುಗಳು ಅಂಬಾಸಿಡರ್, ಪದ್ಮಿನಿ ಕಾಲದವರು. ಆಗಿನ ಬಂಪರ್ ಕಬ್ಬಿಣ. ಉಜ್ಜಿದ ತಗಡಿಗೆ ಪುಟ್ಟಿ ಚೆನ್ನಾಗಿ ಹಿಡಿಯುತ್ತದೆ. ಅವರು ಹೇಳಿದ್ದು ಅವರ ಕಾಲಕ್ಕೆ ಸರಿಯೇ.

ಕಳೆದ ಮಳೆಗಾಲಕ್ಕೆ ಮುಂಚೆ ಬದಿಯಡ್ಕ ಕಡೆಯ ಒಬ್ಬ ಹುಡುಗ ಸ್ವಿಫ್ಟ್ ತಂದಿದ್ದ. ಅಕ್ಕನ ಮದುವೆಗೆ ಕಾರು ಮಿಂಚಬೇಕೆಂದು ಲಿಪ್ ಕಟ್ಟಿ, ಕಪ್ಪು ಬಣ್ಣ ಹೊಡೆದಿದ್ದ. ದಿಬ್ಬಣ ಹೋಗಿ ಬರುವಷ್ಟರಲ್ಲಿ ಎಡಬದಿ ನೇತಾಡುತ್ತಿತ್ತು. “ಅಣ್ಣ, ಇನ್ನೂ ಎರಡು ಲೇಯರ್ ಹಾಕಿದ್ರೆ ನಿಲ್ಲಿಕ್ಕಿಲ್ವಾ?” ಎಂದು ಕೇಳಿದ. “ಎರಡಲ್ಲ ಮಾರಾಯ, ಹತ್ತು ಹಾಕು. ಲಿಪ್ ದಪ್ಪ ಆಗ್ತದೆ, ಅಂಟುದಿಲ್ಲ” ಎಂದೆ. ಕಳಚಿದ ತುಂಡನ್ನು ಅವನ ಕೈಗೇ ಕೊಟ್ಟು ಹಿಂಬದಿ ನೋಡಲು ಹೇಳಿದೆ. ಕನ್ನಡಿಯ ಹಾಗೆ ನುಣುಪು. ಅದರ ಮೇಲೆ ಅಲ್ಲಲ್ಲಿ ಬಂಪರಿನ ಬಿಳಿ ಬಣ್ಣ ಪದರ ಪದರವಾಗಿ ಎದ್ದು ಬಂದಿತ್ತು.

ಆ ಬಿಳಿ ಬಣ್ಣವೇ ಎಲ್ಲರಿಗೂ ಮೋಸ ಮಾಡುವುದು. ಪೇಂಟ್ ಮಾಡಿದ ಬಂಪರಿಗೆ ರೆಸಿನ್ ಅಂಟುತ್ತದೆ, ಸುಳ್ಳಲ್ಲ. ಅಂಟುವುದು ಪೇಂಟಿಗೆ. ಇಡೀ ಲಿಪ್ಪಿನ ಭಾರ, ಗಾಳಿಯ ಎಳೆತ, ಗುಂಡಿಯ ಕುಲುಕಾಟ ಎಲ್ಲವನ್ನೂ ತೆಳ್ಳಗಿನ ಪೇಂಟ್ ಪದರ ಹೊರಬೇಕು. ಎಷ್ಟು ದಿನ ಹೊತ್ತೀತು? “ನಾನು ಸ್ಯಾಂಡ್ ಪೇಪರ್ ಹಾಕಿ ಉಜ್ಜಿದ್ದೆ” ಎನ್ನುವವರೂ ಇದ್ದಾರೆ. ಉಜ್ಜಿದರೆ ಗೀರುಗಳಲ್ಲಿ ಸ್ವಲ್ಪ ದಿನ ಸಿಕ್ಕಿಕೊಂಡಿರುತ್ತದೆ ಅಷ್ಟೆ. ಅಂಗಳದಲ್ಲಿ ನಿಲ್ಲಿಸಿದ ಕಾರಿನ ಬಂಪರ್ ಏಪ್ರಿಲ್ ಬಿಸಿಲಿಗೆ ಹಿಗ್ಗುತ್ತದೆ. ಫೈಬರ್ ಅಷ್ಟು ಹಿಗ್ಗುವುದಿಲ್ಲ. ಬಂಪರ್ ಬಗ್ಗುತ್ತದೆ, ಫೈಬರ್ ಬಗ್ಗುವುದಿಲ್ಲ. ಎಂ-ಸೀಲ್ ಹಾಕಿದರೂ ಇದೇ ಪಾಡು. ಡಬಲ್ ಟೇಪ್ ಸಣ್ಣ ಪಟ್ಟಿಗಳಿಗೆ ಆಗುತ್ತದೆ, ಕಂಪನಿಯವರೂ ಬಳಸುತ್ತಾರೆ. ಆದರೆ ಕಿಲೋಗಟ್ಟಲೆ ತೂಗುವ ಲಿಪ್ಪನ್ನು ಬರೀ ಟೇಪಿನ ಮೇಲೆ ಬಿಡುವುದು ನನಗೆ ಒಪ್ಪಿಗೆ ಇಲ್ಲ. ಪಿಪಿಗೆಂದೇ ಪ್ರೈಮರ್ ಸಿಗುತ್ತದೆ. ಅದು ಪೇಂಟ್ ಹಿಡಿಸಲು ಇರುವುದು, ಭಾರ ಹೊರಿಸಲು ಅಲ್ಲ.

ಹಾಗಾದರೆ ಎಂತ ಮಾಡುವುದು? ಅಂಟದ ಈ ಗುಣವನ್ನೇ ಉಪಯೋಗಿಸಿಕೊಳ್ಳಿ. ಬಂಪರನ್ನು ಅಚ್ಚು ಮಾಡಿಕೊಳ್ಳಿ. ಲಿಪ್ಪನ್ನು ಬೇರೆಯೇ ತುಂಡಾಗಿ ತೆಗೆದು, ಬೋಲ್ಟ್ ಹಾಕಿ ಕೂರಿಸಿ.

ಪಾರ್ಸಲ್ಲಿಗೆ ಸುತ್ತುವ ಕಂದು ಪ್ಯಾಕಿಂಗ್ ಟೇಪ್ ಸಾಮಾನ್ಯವಾಗಿ ಪಿಪಿಯದ್ದೇ. ಬಂಪರಿನ ಕೆಳಭಾಗಕ್ಕೆ ಅದನ್ನು ಸುಕ್ಕಿಲ್ಲದೆ ಅಂಟಿಸಿ, ಮೇಲೆ ವ್ಯಾಕ್ಸ್ ಪಾಲಿಶ್ ಹಚ್ಚಿ. ಈಗ ಪೇಂಟಿಗೂ ತೊಂದರೆ ಇಲ್ಲ. ಲಿಪ್ ಮುಂದಕ್ಕೆ ಎಷ್ಟು ಚಾಚಬೇಕೋ ಅಷ್ಟಕ್ಕೆ ದಪ್ಪ ರಟ್ಟು ಕತ್ತರಿಸಿ ಜೋಡಿಸಿ, ಅದಕ್ಕೂ ಟೇಪ್ ಸುತ್ತಿ. ರಟ್ಟಿನ ಬದಲು ಥರ್ಮಾಕೋಲ್ ಇಡಬೇಡಿ. ಪಾಲಿಯೆಸ್ಟರ್ ರೆಸಿನ್ ತಾಗಿದರೆ ಥರ್ಮಾಕೋಲ್ ಕರಗಿ ಹೋಗುತ್ತದೆ. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ ಮೂರು ಪದರ ಹಾಕಿದರೆ ಸುಮಾರು 3 ಮಿಲಿಮೀಟರ್ ದಪ್ಪ ಬರುತ್ತದೆ, ಲಿಪ್ಪಿಗೆ ಸಾಕು. ಮ್ಯಾಟ್ ಒಂದು ಕಿಲೋ ಇದ್ದರೆ ರೆಸಿನ್ ಎರಡೂವರೆ ಕಿಲೋದ ಒಳಗೆ ಮುಗಿಯಬೇಕು. ಬಲ ಇರುವುದು ಮ್ಯಾಟಿನಲ್ಲಿ. ಮುಖ್ಯ ವಿಷಯ, ಬಂಪರಿನ ಅಡಿಗೆ ಹೋಗುವ ಹಾಗೆ ಎರಡು ಮೂರು ಇಂಚು ಪಟ್ಟಿ ಬಿಡಿ. ಬೋಲ್ಟ್ ಬೀಳುವುದು ಆ ಪಟ್ಟಿಗೆ. ಅದು ಹೊರಗೆ ಕಾಣುವುದೂ ಇಲ್ಲ.

ರೆಸಿನ್ನನ್ನು ಗಟ್ಟಿ ಮಾಡುವ ಹಾರ್ಡ್ನರ್ ಒಂದು ಕಿಲೋ ರೆಸಿನ್ನಿಗೆ 10ರಿಂದ 20 ಎಂಎಲ್. ಸಿರಿಂಜಿನಲ್ಲಿ ಅಳೆಯಿರಿ. ಮಳೆಗಾಲದಲ್ಲಿ ಬೇಗ ಗಟ್ಟಿಯಾಗಲಿ ಎಂದು ಜಾಸ್ತಿ ಸುರಿಯಬೇಡಿ. ಮಳೆ ಹನಿಯುವಾಗ ಈ ಕೆಲಸಕ್ಕೇ ಇಳಿಯದಿರುವುದು ಒಳ್ಳೆಯದು, ಮ್ಯಾಟ್ ತಣಸು ಹಿಡಿದರೆ ಬೆಳ್ಳಗಾಗಿ ಕೆಲಸ ಕೆಡುತ್ತದೆ. ಮೇಲಿನ ಮೈ ಸ್ವಲ್ಪ ಅಂಟಂಟಾಗಿ ಉಳಿದರೆ ಹೆದರಬೇಡಿ. ಗಾಳಿ ತಾಗುವ ಕಡೆ ಪಾಲಿಯೆಸ್ಟರ್ ಹಾಗೆಯೇ. ಅಂಗಡಿಯವರು ಕೋಬಾಲ್ಟ್ (ಗಟ್ಟಿಯಾಗುವುದನ್ನು ಚುರುಕು ಮಾಡುವ ದ್ರವ) ಬೇರೆ ಬಾಟಲಿಯಲ್ಲಿ ಕೊಟ್ಟಿದ್ದರೆ ಮಾತ್ರ ತುಂಬ ಎಚ್ಚರ. ಮೊದಲು ಕೋಬಾಲ್ಟನ್ನು ರೆಸಿನ್ನಿನಲ್ಲಿ ಪೂರ್ತಿ ಕಲಸಿ, ಆಮೇಲೆ ಹಾರ್ಡ್ನರ್ ಹಾಕಿ. ಇವೆರಡು ನೇರವಾಗಿ ಸೇರಿದರೆ ಬೆಂಕಿಯೇ ಏಳಬಹುದು, ಸಿಡಿಯಲೂಬಹುದು. ಹಾರ್ಡ್ನರ್ ಕಣ್ಣಿಗೆ ಹಾರಿದರೆ ದೃಷ್ಟಿ ಹೋಗುವ ಅಪಾಯ ಇದೆ. ಕನ್ನಡಕ ಹಾಕಿಕೊಳ್ಳಿ. ಹಾರಿದರೆ ಕಡಿಮೆ ಪಕ್ಷ ಕಾಲು ಗಂಟೆ ನೀರು ಹಾಕಿ ತೊಳೆದು ಆಸ್ಪತ್ರೆಗೆ ಓಡಿ. ಮಕ್ಕಳು ಆಡುವ ಅಂಗಳದಲ್ಲಿ ಈ ಬಾಟಲಿ ಇಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಉಜ್ಜುವಾಗ ಮಾಸ್ಕ್ ಬೇಕು, ನೀರು ಹಾಕಿ ಉಜ್ಜುವ ವಾಟರ್ ಪೇಪರ್ ಬಳಸಿದರೆ ಪುಡಿ ಹಾರುವುದು ಕಡಿಮೆ. ಆ ಅಂಗಿಯನ್ನು ಮನೆಯವರ ಬಟ್ಟೆಯ ಜೊತೆ ಒಗೆಯಲು ಹಾಕಬೇಡಿ, ಎಲ್ಲರಿಗೂ ಮೈ ತುರಿಸುತ್ತದೆ.

ಕಾನೂನಿನ ಮಾತನ್ನೂ ಹೇಳಬೇಕು. ನಾನು ವಕೀಲ ಅಲ್ಲ, ಆದರೆ ಗಿರಾಕಿಗಳಿಗೆ ತಿಳಿಸದೆ ಕೆಲಸ ಹಿಡಿಯುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೆ ಆರ್‌ಸಿ ತಾಳೆಯಾಗದ ಹಾಗೆ ಗಾಡಿಯನ್ನು ಬದಲಾಯಿಸಬಾರದು. ಇದರ ಬಗ್ಗೆ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ನಮ್ಮ ಕೇರಳದಿಂದ ಹೋದ ಪ್ರಕರಣದ್ದೇ. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದಾಗಿದೆ. ಸಣ್ಣ ಲಿಪ್ ಇದರಲ್ಲಿ ಬರುತ್ತದೋ ಇಲ್ಲವೋ ಎಂಬುದನ್ನು ರೆಸಿನ್ ಕೊಳ್ಳುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ. ಇನ್ಶೂರೆನ್ಸಿನವರಿಗೂ ತಿಳಿಸಿ. ನಂಬರ್ ಪ್ಲೇಟ್, ದೀಪ, ರೇಡಿಯೇಟರಿನ ಗಾಳಿದಾರಿ, ಸೆನ್ಸರ್, ಇವಕ್ಕೆ ಅಡ್ಡ ಬರಲೇಬಾರದು.

ಅಂಚನ್ನು ಉರುಟು ಮಾಡಿ. ಬಂಪರ್ ಬಗ್ಗುತ್ತದೆ, ಫೈಬರ್ ಒಡೆದರೆ ಕತ್ತಿಯ ಹಾಗೆ ಚೂಪು. ನಮ್ಮ ರಸ್ತೆಗಳಲ್ಲಿ ಶಾಲೆಗೆ ಹೋಗುವ ಮಕ್ಕಳು ಕಾರಿನ ಪಕ್ಕದಲ್ಲೇ ನಡೆಯುತ್ತಾರೆ. ನೆಲದಿಂದ ಇರುವ ಎತ್ತರವನ್ನೂ ಜಾಸ್ತಿ ಇಳಿಸಬೇಡಿ. ಒಳಗಿನ ಮುರಕಲ್ಲಿನ ದಾರಿಯಲ್ಲಿ ಮೊದಲು ತಾಗುವುದೇ ಲಿಪ್.

ಬೋಲ್ಟ್ 6 ಎಂಎಂ ಇರಲಿ, ಸ್ಟೇನ್‌ಲೆಸ್ ಸ್ಟೀಲಿನದ್ದೇ ಆಗಲಿ. ಕಡಲ ಗಾಳಿಗೆ ಬೇರೆಯದು ಬೇಗ ತುಕ್ಕು ಹಿಡಿಯುತ್ತದೆ. ಎರಡೂ ಕಡೆ ಅಗಲದ ವಾಷರ್, ನಡುವೆ ರಬ್ಬರ್ ವಾಷರ್, ಕುಲುಕಿದರೆ ಸಡಿಲವಾಗದ ನೈಲಾನ್ ನಟ್. ಫೈಬರಿನಲ್ಲಿ ನಡುವಿನ ಒಂದು ತೂತು ಮಾತ್ರ ಸರಿ ಅಳತೆಗೆ ಇರಲಿ. ಉಳಿದವನ್ನು ಅಡ್ಡಕ್ಕೆ ಉದ್ದ ಮಾಡಿ, 6 ಎಂಎಂ ಬೋಲ್ಟಿಗೆ 10 ಎಂಎಂ ಉದ್ದದ ತೂತು. ಬಂಪರ್ ಹಿಗ್ಗಿದಾಗ ಬೋಲ್ಟ್ ಜರುಗಲು ಜಾಗ ಸಿಗುತ್ತದೆ, ಫೈಬರ್ ಸೀಳುವುದಿಲ್ಲ. ವಾಷರ್ ಕೂರುವಷ್ಟು ಬಿಗಿ ಮಾಡಿದರೆ ಸಾಕು. ಮೊದಲ ಸಲ ಮಂಗಳೂರಿಗೆ ಹೋಗಿ ಬಂದ ಮೇಲೆ ಎಲ್ಲ ನಟ್ ಒಮ್ಮೆ ಹಿಡಿದು ನೋಡಿ, ವಾರ ಬಿಟ್ಟು ಇನ್ನೊಮ್ಮೆ ನೋಡಿ.