ಮುಂಗೂದಲನ್ನು ಒದ್ದೆಯಿರುವಾಗ ಕತ್ತರಿಸಬೇಡಿ

ಮನೆಯಲ್ಲಿ ತಾವೇ ಮುಂಗೂದಲು ಕತ್ತರಿಸಿಕೊಂಡು, ಅದು ಕೆಟ್ಟ ಮೇಲೆ ಸರಿಪಡಿಸಿಕೊಳ್ಳಲು ಶಿವಮೊಗ್ಗದ ನಮ್ಮ ಪಾರ್ಲರಿಗೆ ಬರುವವರು ಬಹುಮಟ್ಟಿಗೆ ಹೇಳುವುದು ಒಂದೇ ಮಾತು: ‘ಕೈ ನಡುಗಿಬಿಟ್ಟಿತು, ಅಕ್ಕ.’ ಅವರ ಹಣೆಯ ಕೂದಲನ್ನು ಬಾಚಿ ನೋಡಿದರೆ ಕೈ ನಡುಗಿದ ಗುರುತೇನೂ ಅಷ್ಟಾಗಿ ಕಾಣುವುದಿಲ್ಲ. ಕತ್ತರಿಸಿದ ಗೆರೆ ಸಾಕಷ್ಟು ನೇರವಾಗಿಯೇ ಇರುತ್ತದೆ. ಕೆಟ್ಟಿರುವುದು ಬೇರೆ ಎರಡು ಕಡೆ. ಕೂದಲು ಒದ್ದೆಯಿದ್ದಾಗ ಅಳತೆ ಹಿಡಿದಿರುತ್ತಾರೆ, ಮತ್ತು ಹಣೆಗೆ ಸೇರದ ಕೂದಲನ್ನೂ ಮುಂದಕ್ಕೆ ಎಳೆದುಕೊಂಡಿರುತ್ತಾರೆ. ಎರಡೂ ಕತ್ತರಿ ಕೈಗೆ ಬರುವ ಮೊದಲೇ ಆಗಿಹೋಗುವ ತಪ್ಪುಗಳಾದ್ದರಿಂದ, ಎಷ್ಟು ಒಳ್ಳೆಯ ಕತ್ತರಿಯಿದ್ದರೂ, ಎಷ್ಟು ವಿಡಿಯೊ ನೋಡಿ ಕಲಿತಿದ್ದರೂ ಆಮೇಲೆ ತಿದ್ದಲು ಬರುವುದಿಲ್ಲ.

ಮೊದಲನೆಯದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಮಲೆನಾಡಿನ ಹವೆಯಲ್ಲಿ ಅದರ ಪರಿಣಾಮ ಬಯಲುಸೀಮೆಗಿಂತ ಹೆಚ್ಚು. ಕೂದಲು ಮುಖ್ಯವಾಗಿ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಆ ಪ್ರೋಟೀನನ್ನು ಒಳಗಿನಿಂದ ಹಿಡಿದಿಡುವ ಬಂಧಗಳಲ್ಲಿ ಹೈಡ್ರೋಜನ್ ಬಂಧಗಳು ಬಹಳ ಸಡಿಲವಾದವು. ನೀರು ತಾಗಿದರೆ ಬಿಚ್ಚಿಕೊಳ್ಳುತ್ತವೆ, ಒಣಗುವಾಗ ಮತ್ತೆ ಕೂಡಿಕೊಳ್ಳುತ್ತವೆ. ಹೀಗೆ ಬಿಚ್ಚಿಕೊಂಡಿರುವಾಗ ಎಳೆದರೆ ಒದ್ದೆ ಕೂದಲು ತನ್ನ ಉದ್ದದ ಸುಮಾರು ಶೇ 30ರವರೆಗೂ ಹಿಗ್ಗಬಲ್ಲದು. ಮನೆಯಲ್ಲಿ ಯಾರೂ ಅಷ್ಟು ಎಳೆಯುವುದಿಲ್ಲ, ನಿಜ. ಆದರೆ 8 ಸೆಂ.ಮೀ. ಉದ್ದದ ಮುಂಗೂದಲನ್ನು ಬಾಚಣಿಗೆಯಿಂದ ಬಿಗಿಹಿಡಿದಾಗ ಹತ್ತರಲ್ಲಿ ಒಂದು ಪಾಲು ಹಿಗ್ಗಿತೆಂದರೂ ಮುಕ್ಕಾಲು ಸೆಂಟಿಮೀಟರಿನಷ್ಟು ಇಲ್ಲದ ಉದ್ದ ಕಣ್ಣಿಗೆ ಕಾಣುತ್ತದೆ. ಹೊಸ ಹತ್ತಿ ಬಟ್ಟೆಯನ್ನು ನೀರಿನಲ್ಲಿ ನೆನೆಸಿ ಒಣಗಿಸದೆ ರವಿಕೆ ಹೊಲಿಸಿದರೆ ಏನಾಗುತ್ತದೆಯೋ ಅದೇ ಇಲ್ಲಿಯೂ ಆಗುತ್ತದೆ. ಹುಬ್ಬಿನ ಮಟ್ಟಕ್ಕೆಂದು ಕತ್ತರಿಸಿದ್ದು ಒಣಗಿದ ಮೇಲೆ ಹಣೆಯ ನಡುವಿಗೆ ಏರಿ ಕುಳಿತಿರುತ್ತದೆ. ಗುಂಗುರು ಕೂದಲಿನವರಲ್ಲಿ ಈ ಏರಿಕೆ ಇನ್ನೂ ಹೆಚ್ಚು.

ಇದರ ಮೇಲೆ ಮಳೆಗಾಲದ ಹವೆ ಬೇರೆ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿ.ಮೀ. ದಾಟುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವಂಥದ್ದು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯೂ ಆ ತಿಂಗಳುಗಳಲ್ಲಿ ತೊಳೆದ ಬಟ್ಟೆಯನ್ನು ಬಚ್ಚಲೊಲೆಯ ಶಾಖಕ್ಕೆ ಹಿಡಿಯದೆ ಒಣಗಿತೆನ್ನುವಂತಿಲ್ಲ. ಅಂಥ ಗಾಳಿಯಲ್ಲಿ ಕೂದಲು ತೇವವನ್ನು ಹೀರುತ್ತಲೇ ಇರುತ್ತದೆ, ಅದಕ್ಕೆ ಹುಟ್ಟಿನಿಂದ ಎಷ್ಟು ಅಲೆಯಿದೆಯೋ ಅಷ್ಟೂ ಹೊರಗೆ ಬರುತ್ತದೆ. ಬೆಳಿಗ್ಗೆ ಡ್ರೈಯರ್ ಹಿಡಿದು ನೇರ ಮಾಡಿಕೊಂಡ ಮುಂಗೂದಲು ಬಸ್ಸು ಹತ್ತುವಷ್ಟರಲ್ಲಿ ಸುರುಳಿಗಟ್ಟುವುದು ಇದೇ ಕಾರಣಕ್ಕೆ. ಹಾಗಾಗಿ ಒದ್ದೆ ಕೂದಲಿನ ಅಳತೆಯಂತೆಯೇ ಡ್ರೈಯರ್ ಅಥವಾ ಇಸ್ತ್ರಿ ಹಿಡಿದ ಕೂದಲಿನ ಅಳತೆಯನ್ನೂ ನಂಬಬಾರದು. ಹಿಂದಿನ ದಿನ ತಲೆ ತೊಳೆದು, ಎಣ್ಣೆ ಹಾಕದೆ, ತಾನಾಗಿ ಒಣಗಲು ಬಿಟ್ಟು, ದಿನನಿತ್ಯ ಹೇಗೆ ಬಾಚುತ್ತೀರೋ ಹಾಗೆಯೇ ಬಾಚಿಕೊಂಡು ಒಂದು ರಾತ್ರಿ ಕಳೆದ ಕೂದಲು ಮಾತ್ರ ತನ್ನ ನಿಜವಾದ ಉದ್ದವನ್ನು ತೋರಿಸುತ್ತದೆ. ದಾಸವಾಳದ ಸೊಪ್ಪಿನ ಲೋಳೆಯನ್ನೋ ಸೀಗೆಪುಡಿಯನ್ನೋ ಬಳಸುವವರು ಅದು ಪೂರ್ತಿ ಹೋಗುವಂತೆ ತೊಳೆದಿರಬೇಕು. ಲೋಳೆ ಉಳಿದರೆ ಎಳೆಗಳು ಅಂಟಿಕೊಂಡು ಒಂದೊಂದು ಗೊಂಚಲು ಒಂದೊಂದು ಅಳತೆಗೆ ತುಂಡಾಗುತ್ತದೆ.

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಒಬ್ಬ ತಾಯಿ ತಮ್ಮ ಪಿಯುಸಿ ಓದುವ ಮಗಳನ್ನು ಕರೆತಂದು, ‘ನೋಡಿ, ಎಂತ ಮಾಡ್ಕಂಡು ಕೂತಿದಾಳೆ’ ಎಂದು ಕುರ್ಚಿಯಲ್ಲಿ ಕೂರಿಸಿದರು. ಹುಡುಗಿ ಸ್ನಾನ ಮಾಡಿ ಬಂದು, ಕೂದಲನ್ನು ಹಣೆಗೆ ಇಳಿಬಿಟ್ಟು, ಗೆರೆ ನೇರ ಬರಲೆಂದು ಹುಬ್ಬಿನ ಮೇಲೆ ಸೆಲ್ಲೋಟೇಪ್ ಅಂಟಿಸಿ, ಟೇಪಿನ ಅಂಚಿಗೆ ಸರಿಯಾಗಿ ಕತ್ತರಿಸಿದ್ದಳು. ಗೆರೆ ನಿಜಕ್ಕೂ ನೇರವಾಗಿತ್ತು. ಆದರೆ ಟೇಪು ಕೂದಲನ್ನು ಹಿಗ್ಗಿದ ಸ್ಥಿತಿಯಲ್ಲೇ ಹಿಡಿದಿಟ್ಟಿದ್ದರಿಂದ ಬಿಚ್ಚಿದಾಗ ಇಡೀ ಸಾಲು ಎರಡು ಬೆರಳಿನಷ್ಟು ಮೇಲೇರಿತ್ತು, ಮತ್ತು ಎಡಗಡೆ ಹಣೆಯ ಅಂಚಿನಲ್ಲಿ ಸುಳಿಯೊಂದು ಇದ್ದುದರಿಂದ ಅಲ್ಲಿನ ಕೂದಲು ಸೆಟೆದು ನಿಂತಿತ್ತು. ಅದಕ್ಕೆ ಆ ದಿನ ಮಾಡಬಹುದಾಗಿದ್ದುದು ತುದಿಯ ಗಡುಸನ್ನು ತುಸು ಮೆದುಗೊಳಿಸಿ, ಬೈತಲೆಯನ್ನು ಪಕ್ಕಕ್ಕೆ ಬದಲಿಸಿ, ಕ್ಲಿಪ್ ಹಾಕಿ ಕಳುಹಿಸುವುದಷ್ಟೆ. ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ, ಎರಡು ಬೆರಳಿನಷ್ಟು ಹೋದದ್ದು ಮರಳಿ ಬರಲು ಮೂರು ತಿಂಗಳಾದರೂ ಬೇಕು. ಕತ್ತರಿಸುತ್ತಿದ್ದರೆ ಬೇಗ ಬೆಳೆಯುತ್ತದೆ ಎಂಬ ಮಾತಿನಲ್ಲಿ ಹುರುಳಿಲ್ಲ. ಕೂದಲು ಬೆಳೆಯುವುದು ಬುಡದಲ್ಲಿ, ತುದಿಯಲ್ಲಿ ನಡೆದದ್ದು ಬುಡಕ್ಕೆ ತಿಳಿಯುವುದಿಲ್ಲ.

ಸುಳಿಯ ಮಾತು ಬಂತು. ನೆತ್ತಿಯಲ್ಲಿ ಎರಡು ಸುಳಿಯಿದ್ದರೆ ಎರಡು ಮದುವೆ ಎಂದು ನಮ್ಮ ಅಜ್ಜಿಯಂದಿರು ತಮಾಷೆ ಮಾಡುತ್ತಿದ್ದರು. ಮುಂಗೂದಲಿನ ಮಟ್ಟಿಗೆ ನೆತ್ತಿಯ ಸುಳಿಯಿಂದ ತೊಂದರೆಯಿಲ್ಲ, ತೊಂದರೆ ಹಣೆಯ ಅಂಚಿನಲ್ಲಿರುವ ಸುಳಿಯದು. ಕೂದಲನ್ನು ನೇರ ಹಿಂದಕ್ಕೆ ಬಾಚಿ, ಅಂಗೈಯಿಂದ ನೆತ್ತಿಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದರೆ ಕೂದಲು ತನಗೆ ಬೇಕಾದ ಕಡೆ ಸೀಳಿಕೊಳ್ಳುತ್ತದೆ. ಹಾಗೆ ಸೀಳಿದ ಜಾಗ ಹಣೆಯ ಅಂಚಿಗೇ ಬಂದರೆ ಹುಬ್ಬಿನ ಮಟ್ಟದ ನೇರ ಮುಂಗೂದಲಿನ ಆಸೆಯನ್ನು ಬಿಡುವುದೇ ಲೇಸು. ಕೆನ್ನೆಯ ಮೂಳೆಯವರೆಗೆ ಇಳಿದು ಎರಡೂ ಬದಿಗೆ ಸರಿಯುವ, ಈಗ ಕರ್ಟನ್ ಬ್ಯಾಂಗ್ಸ್ ಎನ್ನುವ ಮಾದರಿ ಅಂಥವರಿಗೆ ಒಪ್ಪುತ್ತದೆ, ಏಕೆಂದರೆ ಉದ್ದದ ಭಾರವೇ ಸುಳಿಯನ್ನು ಅದುಮಿಡುತ್ತದೆ.

ಎರಡನೆಯ ತಪ್ಪು ಎಲ್ಲಿಂದ ಎಲ್ಲಿಯವರೆಗಿನ ಕೂದಲನ್ನು ತೆಗೆದುಕೊಳ್ಳಬೇಕೆಂಬುದು. ಮುಂಗೂದಲಿಗೆ ತೆಗೆದುಕೊಳ್ಳುವ ಭಾಗ ತ್ರಿಕೋನದ ಆಕಾರದ್ದು. ಬಾಚಣಿಗೆಯೊಂದನ್ನು ನೆತ್ತಿಯ ಮೇಲೆ, ಒಂದು ತುದಿ ಹಣೆಯ ಕಡೆಗೆ ಚಾಚಿರುವಂತೆ ಮಲಗಿಸಿ ನೋಡಿದರೆ, ತಲೆ ಮುಂದಕ್ಕೆ ಬಾಗಲು ತೊಡಗುವ ಜಾಗದಲ್ಲಿ ಬಾಚಣಿಗೆ ತಲೆಯನ್ನು ಬಿಟ್ಟು ಗಾಳಿಯಲ್ಲಿ ನಿಲ್ಲುತ್ತದೆ. ಆ ಜಾಗವೇ ತ್ರಿಕೋನದ ಮೇಲಿನ ಮೂಲೆ. ಕೆಳಗಿನ ಎರಡು ಮೂಲೆಗಳು ಹಣೆಯ ಅಂಚಿನಲ್ಲಿ, ಹೆಚ್ಚೆಂದರೆ ಹುಬ್ಬು ಮುಗಿಯುವ ಜಾಗಕ್ಕೆ ನೇರವಾಗಿ ಬರಬೇಕು. ಮೊದಲ ಸಲ ಮಾಡಿಕೊಳ್ಳುವವರು ಹುಬ್ಬಿನ ಕಮಾನು ಎತ್ತರವಿರುವ ಜಾಗಕ್ಕೇ ನಿಲ್ಲಿಸಬೇಕೆಂಬುದು ನನ್ನ ಅಭಿಪ್ರಾಯ. ಟೇಲ್ ಬಾಚಣಿಗೆಯ ಬಾಲದಿಂದ ಗೆರೆ ಎಳೆದು ತ್ರಿಕೋನವನ್ನು ಬೇರ್ಪಡಿಸಿದ ಮೇಲೆ ಉಳಿದ ಕೂದಲನ್ನೆಲ್ಲ ಬಿಗಿಯಾಗಿ ಹಿಂದಕ್ಕೆ ಕಟ್ಟಬೇಕು. ಕಣತಲೆಯ, ಎಂದರೆ ಕಣ್ಣಿನ ಕೊನೆಗೂ ಕಿವಿಗೂ ನಡುವಿನ, ಕೂದಲಿನ ಒಂದು ಎಳೆಯೂ ಮುಂದೆ ಬರಬಾರದು. ಅಲ್ಲಿನ ಕೂದಲು ಹುಟ್ಟಿನಿಂದಲೇ ತೆಳು. ಅದನ್ನೂ ಸೇರಿಸಿ ಹುಬ್ಬಿನ ಮಟ್ಟಕ್ಕೆ ಕತ್ತರಿಸಿದರೆ, ಜಡೆ ಹೆಣೆದಾಗ ಕಿವಿಯ ಮುಂದೆ ಜಡೆಗೂ ಸೇರದ ಮುಂಗೂದಲಿಗೂ ಸೇರದ ಮೋಟು ಕೂದಲು ಎದ್ದು ನಿಲ್ಲುತ್ತದೆ, ಮುಖದ ಬದಿಯಲ್ಲಿ ಬರಿದಾದ ಜಾಗ ಕಾಣುತ್ತದೆ. ತಿದ್ದಲು ಬಂದವರಲ್ಲಿ ನಾನು ಅತಿ ಹೆಚ್ಚು ಕಂಡಿರುವ ದೋಷ ಇದೇ, ಮತ್ತು ತುಂಬಿಕೊಳ್ಳಲು ಅತಿ ಹೆಚ್ಚು ಸಮಯ ಹಿಡಿಯುವುದೂ ಇದೇ.

ಅಗಲ ಹಣೆಯವರು ತ್ರಿಕೋನವನ್ನೂ ಅಗಲ ಮಾಡಬೇಕೆಂದುಕೊಳ್ಳುತ್ತಾರೆ. ನಮ್ಮ ತಾಯಂದಿರ ಕಾಲದಲ್ಲಿ ಮನೆಮಾತಾಗಿದ್ದ ಸಾಧನಾ ಕಟ್, ಹಿಂದಿ ನಟಿ ಸಾಧನಾ ಅವರ ಅಗಲ ಹಣೆ ತೆರೆಯ ಮೇಲೆ ಎದ್ದು ಕಾಣದಿರಲೆಂದು 1960ರ ಸುಮಾರಿಗೆ ಬಂದದ್ದು. ಆದರೆ ಅಗಲ ಹಣೆಯವರಿಗೆ ಬೇಕಾಗುವುದು ತ್ರಿಕೋನದ ಅಗಲವಲ್ಲ, ದಟ್ಟಣೆ. ಅದಕ್ಕೆ ತ್ರಿಕೋನದ ಮೇಲಿನ ಮೂಲೆಯನ್ನು ಅರ್ಧ ಬೆರಳು ಹಿಂದಕ್ಕೆ ಒಯ್ದರೆ ಸಾಕು, ಬದಿಯ ಮೂಲೆಗಳನ್ನು ಮುಟ್ಟಬಾರದು.

ಕತ್ತರಿಯ ವಿಚಾರದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಕಾಗದದ ಕತ್ತರಿ ಕೂದಲನ್ನು ತುಂಡರಿಸುವುದಕ್ಕಿಂತ ಜಜ್ಜುವುದೇ ಹೆಚ್ಚು, ಜಜ್ಜಿದ ತುದಿ ಕೆಲವೇ ವಾರಗಳಲ್ಲಿ ಸೀಳುತ್ತದೆ; ಹೆಸರಾದ ಮೀರತ್ ಕತ್ತರಿಯೇ ಆದರೂ ಬಟ್ಟೆಗೆಂದು ಮಾಡಿದ್ದು ಬಟ್ಟೆಗೇ ಇರಲಿ. 5.5 ಅಥವಾ 6 ಇಂಚಿನ, ಕೂದಲಿಗೆಂದೇ ಮಾಡಿದ ಸ್ಟೀಲ್ ಕತ್ತರಿ ಗಾಂಧಿ ಬಜಾರಿನಂಥ ಯಾವ ಪೇಟೆಯಲ್ಲೂ ಸಿಗುತ್ತದೆ. ಹಲ್ಲಿರುವ ತಿನ್ನಿಂಗ್ ಕತ್ತರಿಯನ್ನು ಮಾತ್ರ ಮನೆಗೆ ತರಬೇಡಿ. ಅದು ಒಳಗೆ ಬಿಟ್ಟುಹೋಗುವ ಚಿಕ್ಕ ಕೂದಲುಗಳು ತೇವದ ಹವೆಯಲ್ಲಿ ಸೆಟೆದು ಮೇಲಿನ ಉದ್ದ ಕೂದಲನ್ನು ಎತ್ತುತ್ತವೆ, ದಟ್ಟಣೆ ಕಡಿಮೆಯಾಗುವ ಬದಲು ಬುಟ್ಟಿಯಂತೆ ಉಬ್ಬುತ್ತದೆ.

ಇನ್ನು ಕತ್ತರಿಸುವ ಕೆಲಸ. ಮಳೆಗಾಲದಲ್ಲಿ ನಮ್ಮ ಹಳೆಯ ಮನೆಗಳ ನಡುಮನೆಯಲ್ಲಿ ಹಗಲಿನಲ್ಲೂ ಕತ್ತಲೆ. ಕನ್ನಡಿಯನ್ನು ಜಗಲಿಗೆ ತಂದು ಬೆಳಕು ಮುಖದ ಮೇಲೆ ನೇರ ಬೀಳುವಂತೆ ಕೂರಬೇಕು. ಮೊಬೈಲಿನ ಸೆಲ್ಫಿ ಕ್ಯಾಮೆರಾ ಕನ್ನಡಿಯ ಬದಲಿಗೆ ಆಗುವುದಿಲ್ಲ, ಹತ್ತಿರ ಹಿಡಿದಾಗ ಮುಖದ ಅಳತೆಯೇ ಅಲ್ಲಿ ಬೇರೆಯಾಗಿ ಕಾಣುತ್ತದೆ. ತಲೆ ಬಗ್ಗಿಸಬಾರದು, ಹುಬ್ಬನ್ನಂತೂ ಏರಿಸಲೇಬಾರದು. ಗಮನವಿಟ್ಟು ಕನ್ನಡಿ ನೋಡುವಾಗ ಬಹಳ ಜನರಿಗೆ ತಿಳಿಯದೆಯೇ ಹುಬ್ಬು ಮೇಲೇರಿರುತ್ತದೆ, ಕತ್ತರಿಸಿ ಮುಗಿಸಿ ನಿರಾಳವಾದಾಗ ಅದು ಕೆಳಗಿಳಿಯುತ್ತದೆ, ಕೂದಲು ಮಾತ್ರ ಮೇಲೆಯೇ ಉಳಿಯುತ್ತದೆ.

ತ್ರಿಕೋನದ ನಡುವಿನ ಒಂದು ಸೆಂಟಿಮೀಟರ್ ಅಗಲದ ಕೂದಲನ್ನು ಮೊದಲು ತೆಗೆದುಕೊಂಡು, ತೋರುಬೆರಳು ಮಧ್ಯದ ಬೆರಳುಗಳ ನಡುವೆ ಎಳೆಯದೆ ಹಿಡಿದು, ಬೆರಳುಗಳನ್ನು ಮೂಗಿನ ಮಧ್ಯದವರೆಗೆ ಇಳಿಸಿ, ಅದರ ಕೆಳಗಿರುವುದನ್ನು ಮಾತ್ರ ಕತ್ತರಿಸಬೇಕು. ಬೇಕಾಗಿರುವುದು ಹುಬ್ಬಿನ ಮಟ್ಟವಾದರೂ ಮೊದಲ ಅಳತೆ ಮೂಗಿನ ಮಟ್ಟದ್ದೇ. ಕತ್ತರಿಯನ್ನು ಅಡ್ಡ ಹಿಡಿದರೆ ತುದಿ ಒಂದೇ ಗೆರೆಯಾಗಿ ಗಡುಸಾಗಿ ಕಾಣುತ್ತದೆ, ಒಂದು ಎಳೆ ಏರುಪೇರಾದರೂ ಎದ್ದು ತೋರುತ್ತದೆ. ಬದಲಿಗೆ ಕತ್ತರಿಯ ಮೊನೆ ಮೇಲ್ಮುಖವಾಗಿ, ಬಹುಮಟ್ಟಿಗೆ ಕೂದಲಿನ ದಿಕ್ಕಿಗೇ ಇರುವಂತೆ ಹಿಡಿದು, ಒಂದು ಸಲಕ್ಕೆ 3–4 ಮಿ.ಮೀ.ನಷ್ಟು ಚಿಕ್ಕ ಚಿಕ್ಕ ಕಚ್ಚು ಹಾಕುತ್ತ ಹೋದರೆ ಅಂಚು ಮೆದುವಾಗುತ್ತದೆ, ಸಣ್ಣ ತಪ್ಪುಗಳು ಅದರಲ್ಲಿ ಕರಗುತ್ತವೆ. ಮೊನೆ ಕಣ್ಣಿಗೆ ಹತ್ತಿರ ಬರುವುದರಿಂದ ಹಿಡಿದ ಕೂದಲನ್ನು ಮುಖದಿಂದ ತುಸು ಮುಂದಕ್ಕೆ ತಂದುಕೊಳ್ಳಬೇಕು. ನಡುವಿನ ಭಾಗ ಮುಗಿದ ಮೇಲೆ ಅದನ್ನೇ ಅಳತೆಯಾಗಿಟ್ಟುಕೊಂಡು ಎಡಬಲದ ಕೂದಲನ್ನು ಒಂದೊಂದಾಗಿ ನಡುವಿಗೆ ತಂದು ಅದೇ ಮಟ್ಟಕ್ಕೆ ಕತ್ತರಿಸಬೇಕು. ಬದಿಯ ಕೂದಲು ನಡುವಿಗೆ ಬರಲು ಹೆಚ್ಚು ದೂರ ಸಾಗಬೇಕಾದ್ದರಿಂದ ಬಿಟ್ಟಾಗ ಅದು ತಾನಾಗಿಯೇ ನಡುವಿನದಕ್ಕಿಂತ ಉದ್ದ ಉಳಿಯುತ್ತದೆ, ಮುಖದ ಬದಿಗೆ ಇಳಿಜಾರಾಗಿ ಸೇರಿಕೊಳ್ಳುತ್ತದೆ. ಇಡೀ ತ್ರಿಕೋನವನ್ನು ಹಗ್ಗದಂತೆ ಹೊಸೆದು ಒಂದೇ ಏಟಿಗೆ ಕತ್ತರಿಸುವ ಉಪಾಯ ಸುಲಭವಾಗಿ ಕಾಣುತ್ತದಾದರೂ ಹೊಸೆದಾಗ ಯಾವ ಎಳೆ ಎಲ್ಲಿಗೆ ಹೋಯಿತೆಂಬುದು ತಿಳಿಯುವುದಿಲ್ಲವಾದ್ದರಿಂದ ನಾನು ಅದನ್ನು ಯಾರಿಗೂ ಹೇಳುವುದಿಲ್ಲ. ಮೂಗಿನ ಮಟ್ಟ ಮುಗಿದ ಮೇಲೆ ತಲೆ ಕೊಡವಿ, ಬಾಚಿ, ಒಂದು ಲೋಟ ಕಾಫಿ ಕುಡಿದು ಬಂದು ನೋಡಿ, ಇನ್ನೂ ಬೇಕೆನಿಸಿದರೆ ಅರ್ಧ ಸೆಂಟಿಮೀಟರ್ ಏರಿಸಬಹುದು.

ಹಿಂದಿನ ಉದ್ದ ಕೂದಲಿನ ತುದಿಯನ್ನು ಒಬ್ಬರೇ ಕತ್ತರಿಸಿಕೊಳ್ಳಬಹುದೇ ಎಂದು ಕೇಳುವವರಿದ್ದಾರೆ. ಹಣೆಯಿಂದ ಕತ್ತಿನವರೆಗೆ ನಡುಬೈತಲೆ ತೆಗೆದು, ಎರಡು ಪಾಲನ್ನು ಭುಜದ ಮೇಲಿಂದ ಮುಂದಕ್ಕೆ ತಂದು, ರಬ್ಬರ್ ಬ್ಯಾಂಡನ್ನು ಒಂದೇ ಮಟ್ಟಕ್ಕೆ ಇಳಿಸಿ ಕೆಳಗಿನದನ್ನು ಕತ್ತರಿಸಿದರೆ ಹಿಂದೆ ಯು ಆಕಾರ ಬರುತ್ತದೆ; ನೇರ ಗೆರೆಯೇ ಬೇಕೆಂದರೆ ಹಿಂದೆ ನಿಂತು ಕತ್ತರಿಸಲು ಇನ್ನೊಬ್ಬರು ಇರಲೇಬೇಕು. ಹೆಣೆದ ಜಡೆಯ ತುದಿಯನ್ನು ಹಾಗೆಯೇ ಕತ್ತರಿಸುವುದು ಬೇಡ.

ಇಬ್ಬರಿಗೆ ಮಾತ್ರ ನಾನು ಮನೆಯಲ್ಲಿ ಈ ಕೆಲಸ ಮಾಡಬೇಡಿರೆಂದು ಸ್ಪಷ್ಟವಾಗಿ ಹೇಳುತ್ತೇನೆ. ಗುಂಗುರು ಕೂದಲನ್ನು ರಾಸಾಯನಿಕ ಹಚ್ಚಿ ನೇರ ಮಾಡುವ ಸ್ಮೂದನಿಂಗ್ ಮಾಡಿಸಿಕೊಂಡು ಕೆಲವು ತಿಂಗಳು ಕಳೆದವರು ಮೊದಲನೆಯವರು. ಉದ್ದ ಕೂದಲಿನಲ್ಲಿ ಬುಡದ 3 ಸೆಂ.ಮೀ. ಹೊಸ ಗುಂಗುರು ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೆ 8 ಸೆಂ.ಮೀ. ಮುಂಗೂದಲಿನಲ್ಲಿ ಅದು ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಬುಡ ಉಬ್ಬಿ ತುದಿ ಕಡ್ಡಿಯಂತೆ ಇಳಿಬೀಳುತ್ತದೆ. ಎರಡನೆಯವರು ಬಾಣಂತನ ಮುಗಿಸಿ ತವರಿನಿಂದ ಮರಳುವ ಹೆಣ್ಣುಮಕ್ಕಳು. ಹೆರಿಗೆಯಾದ ಎರಡರಿಂದ ನಾಲ್ಕು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಉದುರುವುದು ಸಾಮಾನ್ಯ, ಹಣೆಯ ಅಂಚು ತೆಳುವಾಗಿ ಕಂಡಾಗ ಮುಂಗೂದಲು ಬಿಟ್ಟು ಮುಚ್ಚಿಕೊಳ್ಳೋಣ ಎನಿಸುವುದೂ ಸಹಜ. ಆದರೆ ತೆಳುವಾದ ಜಾಗದಿಂದಲೇ ಮುಂಗೂದಲು ತೆಗೆದರೆ ಹಿಂದೆ ಕಟ್ಟಲು ಉಳಿಯುವುದು ಇನ್ನೂ ತೆಳು. ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಹೆಚ್ಚಿನವರಲ್ಲಿ ಕೂದಲು ಮರಳಿ ಬರುತ್ತದೆ. ಆ ನಡುವೆ ಹಣೆಯ ಅಂಚಿನಲ್ಲಿ ಬೆರಳುದ್ದದ ಹೊಸ ಕೂದಲುಗಳು ಸಾಲಾಗಿ ಎದ್ದು ನಿಲ್ಲುತ್ತವೆ. ಅವನ್ನು ಮುರಿದ ಕೂದಲೆಂದು ಭಾವಿಸಿ ಕತ್ತರಿಸುವವರನ್ನು ನೋಡಿದ್ದೇನೆ. ಎರಡು ಹನಿ ಕೊಬ್ಬರಿ ಎಣ್ಣೆಯನ್ನು ಅಂಗೈಗೆ ಸವರಿಕೊಂಡು ಅವನ್ನು ಪಕ್ಕಕ್ಕೆ ಕೂರಿಸಿದರೆ ಸಾಕು, ನಾಲ್ಕೈದು ತಿಂಗಳಲ್ಲಿ ಕ್ಲಿಪ್ಪಿಗೆ ಸಿಗುವಷ್ಟು ಉದ್ದವಾಗುತ್ತವೆ.