ಮಿಂಚು ಕಣ್ಣಲ್ಲೋ, ತಲೆಯಲ್ಲೋ?

"ಪಿತ್ತ ಜಾಸ್ತಿ ಆಗಿದೆ ಅನ್ಸುತ್ತೆ ಡಾಕ್ಟ್ರೇ. ಕಣ್ಣಲ್ಲಿ ಮಿಂಚು ಹೊಡೆಯುತ್ತೆ, ಎದ್ದು ನಿಂತರೆ ತಲೆ ಸುತ್ತುತ್ತೆ."

ಹೀಗೆ ಹೇಳಿದವರು ಅರವತ್ತು ದಾಟಿದ ನಿವೃತ್ತ ಮೇಷ್ಟ್ರು. ಒಂದು ವಾರ ಜೀರಿಗೆ ಕಷಾಯ, ನಿಂಬೆ ಪಾನಕ ಎಲ್ಲ ಮುಗಿಸಿಯೇ ನನ್ನ ಹತ್ತಿರ ಬಂದಿದ್ದರು. ನಮ್ಮಲ್ಲಿ ತಲೆಸುತ್ತಿಗೆ ಮೊದಲ ಆರೋಪಿ ಯಾವಾಗಲೂ ಪಿತ್ತವೇ.

"ಮೇಷ್ಟ್ರೇ, ಮಿಂಚು ಒಂದು ಕಣ್ಣಲ್ಲೋ, ಎರಡರಲ್ಲೂನೋ?" ಎಂದು ಕೇಳಿದೆ. ಅವರು ಪರೀಕ್ಷೆ ಮಾಡಿ ನೋಡಿರಲಿಲ್ಲ. ಹೆಚ್ಚಿನವರು ನೋಡಿರುವುದಿಲ್ಲ. ಮುಂದಿನ ಸಲ ಮಿಂಚು ಬಂದಾಗ ಒಂದೊಂದೇ ಕಣ್ಣು ಮುಚ್ಚಿ ನೋಡಿ. ಒಂದು ಕಣ್ಣಿಗೆ ಮಾತ್ರ ಕಂಡರೆ ತೊಂದರೆ ಸಾಮಾನ್ಯವಾಗಿ ಆ ಕಣ್ಣಿನದ್ದು. ಎರಡಕ್ಕೂ ಕಂಡರೆ ಅದು ಹೆಚ್ಚಾಗಿ ಮಿದುಳಿನದ್ದು, ಇಲ್ಲವೇ ರಕ್ತದೊತ್ತಡದ್ದು. ದುಬಾರಿ ಸ್ಕ್ಯಾನ್‌ಗಿಂತ ಮೊದಲು ನನಗೆ ಬೇಕಾಗುವುದು ಈ ಉತ್ತರ.

ಮೇಷ್ಟ್ರ ಮಿಂಚು ರಾತ್ರಿ ಬಚ್ಚಲಿಗೆ ಹೋಗುವಾಗ, ಕತ್ತಲಲ್ಲಿ ಬರುತ್ತಿತ್ತು. ಬಲಗಣ್ಣಿನ ಕಿವಿ ಕಡೆಯ ಅಂಚಿನಲ್ಲಿ ಕುಡುಗೋಲಿನಂತೆ ಬಾಗಿದ ಬೆಳಕು ಫಳ್ ಎಂದು ಬಂದು ಹೋಗುವುದು. ಜೊತೆಗೆ ಹೊಸದಾಗಿ ಸೊಳ್ಳೆ ಹಾರಿದಂತೆ ಒಂದೆರಡು ಕಪ್ಪು ಚುಕ್ಕಿ. ಕೈ ಬೀಸಿದರೂ ಆ ಸೊಳ್ಳೆ ಹೋಗುತ್ತಿರಲಿಲ್ಲವಂತೆ.

ಕಣ್ಣುಗುಡ್ಡೆಯ ಒಳಗೆ ಗಾಜಿನಂಥ ಲೋಳೆ ತುಂಬಿರುತ್ತದೆ. ಗಟ್ಟಿ ಮೊಸರನ್ನು ಎರಡು ದಿನ ಬಿಟ್ಟರೆ ನೀರು ಬಿಟ್ಟುಕೊಂಡು, ಪಾತ್ರೆಯ ಅಂಚಿನಿಂದ ಬಿಡಿಸಿಕೊಳ್ಳುತ್ತದಲ್ಲ, ವಯಸ್ಸಾದಂತೆ ಈ ಲೋಳೆಯೂ ಹಾಗೇ. ಹಿಂದಿನ ಪರದೆಯಿಂದ, ಅಂದರೆ ರೆಟಿನಾದಿಂದ, ಅದು ಬಿಡಿಸಿಕೊಳ್ಳುವಾಗ ಅಲ್ಲಲ್ಲಿ ಎಳೆಯುತ್ತದೆ. ರೆಟಿನಾಕ್ಕೆ ನೋವು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಬೆಳಕೊಂದೇ. ಎಳೆದರೂ ಬೆಳಕು, ಒತ್ತಿದರೂ ಬೆಳಕು. ಮುಚ್ಚಿದ ಕಣ್ಣು ಉಜ್ಜಿಕೊಂಡಾಗ ಬಣ್ಣದ ಉಂಗುರ ಕಾಣುತ್ತದೆ, ಅಲ್ವಾ? ಅದೇ ಕಥೆ.

ಬಹಳ ಜನರಿಗೆ ಇಷ್ಟಕ್ಕೇ ಮುಗಿಯುತ್ತದೆ. ಆದರೆ ಹೀಗೆ ಹೊಸದಾಗಿ ಮಿಂಚು, ಚುಕ್ಕಿ ಕಂಡು ಬಂದವರಲ್ಲಿ ಸುಮಾರು 10ಕ್ಕೆ ಒಬ್ಬರಿಗೆ ರೆಟಿನಾ ಹರಿದಿರುತ್ತದೆ. ಮಳೆಗಾಲದಲ್ಲಿ ಗೋಡೆಯ ಸಣ್ಣ ಬಿರುಕಿನಿಂದ ನೀರಿಳಿದು ಸುಣ್ಣದ ಪದರ ಉಬ್ಬಿ ಬರುವಂತೆ, ಆ ತೂತಿನಿಂದ ದ್ರವ ಹಿಂದೆ ಸೇರಿ ಪರದೆಯೇ ಕಳಚಬಹುದು. ಬರೀ ಹರಿದಿದ್ದಾಗ ಬಂದರೆ ಸಾಮಾನ್ಯವಾಗಿ ಲೇಸರ್ ಸಾಕು, ಅದೇ ದಿನ ಮನೆಗೆ ಹೋಗಬಹುದು. ಕಳಚಿದ ಮೇಲೆ ಬಂದರೆ ಆಪರೇಷನ್ನೇ ಬೇಕಾಗುತ್ತದೆ, ದೃಷ್ಟಿ ಪೂರ್ತಿ ವಾಪಸ್ ಬರುತ್ತದೆ ಎನ್ನುವ ಖಾತ್ರಿಯೂ ಇರುವುದಿಲ್ಲ. ಚುಕ್ಕಿಗಳು ಒಮ್ಮೆಲೇ ಮಸಿ ಚೆಲ್ಲಿದಂತೆ ಹೆಚ್ಚಾದರೆ, ಅಥವಾ ಒಂದು ಬದಿಯಿಂದ ಕರ್ಟನ್ ಎಳೆದಂತೆ ಕತ್ತಲಾದರೆ, ನಾಳೆ ಎನ್ನಬೇಡಿ. ಜಾಸ್ತಿ ಮೈನಸ್ ಪವರ್ ಇರುವವರು, ಪೊರೆ ಆಪರೇಷನ್ ಆದವರು, ಕಣ್ಣಿಗೆ ಪೆಟ್ಟು ಬಿದ್ದವರು ಇನ್ನೂ ಹುಷಾರಾಗಿರಬೇಕು. ಇವರಿಗೆ ಚಿಕ್ಕ ವಯಸ್ಸಿನಲ್ಲೇ ಹೀಗಾಗಬಹುದು.

ಇಷ್ಟಾದರೂ ಮೇಷ್ಟ್ರ ತಲೆಸುತ್ತಿಗೆ ಉತ್ತರ ಸಿಗಲಿಲ್ಲ. ಲೋಳೆ ಬಿಡಿಸಿಕೊಂಡರೆ ತಲೆ ಸುತ್ತುವುದಿಲ್ಲ. ಎರಡು ತೊಂದರೆ ಒಂದೇ ವಾರ ಶುರುವಾದ ಮಾತ್ರಕ್ಕೆ ಎರಡಕ್ಕೂ ಒಂದೇ ಕಾರಣ ಹುಡುಕುತ್ತೇವೆ. ನಾವು ಡಾಕ್ಟರುಗಳೂ ಈ ತಪ್ಪು ಮಾಡುತ್ತೇವೆ. ಮಲಗಿದಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ಬಿಪಿ ನೋಡಿದೆ. ಮೇಲಿನ ಅಂಕಿ ನಿಂತ 3 ನಿಮಿಷದೊಳಗೆ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ತಕರಾರು ಇದೆ ಅಂತ ಲೆಕ್ಕ. ಅವರದ್ದು 30 ಇಳಿದಿತ್ತು. ಬಿಪಿ ಮಾತ್ರೆ ಹಳೆಯದು, ಪ್ರಾಸ್ಟೇಟ್ ಮಾತ್ರೆ ಹೊಸದು. ಎರಡೂ ಸೇರಿ ಕೆಲಸ ಕೆಡಿಸಿದ್ದವು. ಹೀಗೆ ಬಿಪಿ ಇಳಿದಾಗಲೂ ಕಣ್ಣೆದುರು ನಕ್ಷತ್ರ ಕುಣಿಯುತ್ತವೆ, ಕತ್ತಲೆ ಕವಿಯುತ್ತದೆ. ಆದರೆ ಅದು ಎರಡೂ ಕಣ್ಣಿಗೆ, ಕೆಲವೇ ಸೆಕೆಂಡು, ಕೂತರೆ ಸರಿಹೋಗುತ್ತದೆ.

ಮಿಂಚು ಮತ್ತು ತಲೆಸುತ್ತು ನಿಜವಾಗಿಯೂ ಜೋಡಿಯಾಗಿ ಬರುವುದು ಮೈಗ್ರೇನ್‌ನಲ್ಲಿ. ಕಂಪ್ಯೂಟರ್ ಮುಂದೆ ಕೂತ ಹುಡುಗಿಗೆ ಪರದೆಯ ಮೇಲಿನ ಒಂದು ಅಕ್ಷರ ಮಾಯವಾಗುತ್ತದೆ. ಅಲ್ಲಿಂದ ಗರಗಸದ ಹಲ್ಲಿನಂಥ ಗೆರೆ ಮಿನುಗುತ್ತಾ, ನಿಧಾನಕ್ಕೆ ದೊಡ್ಡದಾಗುತ್ತಾ ಹೊರಗೆ ಸರಿಯುತ್ತದೆ. 20-30 ನಿಮಿಷದಲ್ಲಿ ಮಾಯ. ಆಮೇಲೆ ತಲೆನೋವು ಬರಬಹುದು, ಬರದೆಯೂ ಇರಬಹುದು. ಕಾರ್ಲ್ ಲ್ಯಾಶ್ಲಿ ಎಂಬ ಅಮೆರಿಕದ ವಿಜ್ಞಾನಿಗೂ ಇದು ಬರುತ್ತಿತ್ತು. ಕಂಡದ್ದನ್ನು ಆಗಾಗ ಕಾಗದದ ಮೇಲೆ ಗುರುತು ಮಾಡಿ, ಮಿದುಳಿನ ಹಿಂಭಾಗದಲ್ಲಿ ಒಂದು ಅಲೆ ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ಸರಿಯುತ್ತಿರಬೇಕೆಂದು 1941ರಲ್ಲೇ ಲೆಕ್ಕ ಹಾಕಿದರು. ಲೆಕ್ಕ ಸರಿಯಾಗಿತ್ತು. ಆದರೆ ವಯಸ್ಸು 50 ದಾಟಿದ ಮೇಲೆ ಇಂಥದ್ದು ಮೊದಲ ಸಲ ಬಂದರೆ ಮೈಗ್ರೇನ್ ಎಂದು ನೀವೇ ತೀರ್ಮಾನ ಮಾಡಬೇಡಿ.

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಮಾತ್ರ ಕೋಣೆ ಗಿರಗಿರ ತಿರುಗಿ, ಒಂದು ನಿಮಿಷದೊಳಗೆ ನಿಂತರೆ, ಅದು ಹೆಚ್ಚಾಗಿ ಒಳಗಿವಿಯ ಹರಳು ಜಾಗ ಬಿಟ್ಟಿದ್ದು. ಅದಕ್ಕೆ ಕಿವಿ ಡಾಕ್ಟರು ತಲೆ ತಿರುಗಿಸಿ ಮಾಡುವ ಒಂದು ವ್ಯಾಯಾಮವಿದೆ.

ಒಂದು ಸಂದರ್ಭದಲ್ಲಿ ನನ್ನ ಹತ್ತಿರ ಬರಲೇಬೇಡಿ. ತಲೆಸುತ್ತಿನ ಜೊತೆ ಇದ್ದಕ್ಕಿದ್ದಂತೆ ಒಂದು ಎರಡಾಗಿ ಕಂಡರೆ, ಅರ್ಧ ದೃಷ್ಟಿ ಹೋದರೆ, ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ನಡೆಯುವಾಗ ಒಂದು ಕಡೆ ವಾಲಿದರೆ ನೇರ ಸ್ಕ್ಯಾನ್ ಇರುವ ದೊಡ್ಡ ಆಸ್ಪತ್ರೆಗೆ ಹೋಗಿ. ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಕಷಾಯ ಕಾಯಿಸುವಷ್ಟು ಹೊತ್ತೂ ಅಲ್ಲಿ ದುಬಾರಿ. ತಾನಾಗಿ ಸರಿಹೋಯಿತು ಅಂದರೂ ಹೋಗಿ.

ಮೇಷ್ಟ್ರ ರೆಟಿನಾ ಹರಿದಿರಲಿಲ್ಲ. ಮಾತ್ರೆ ಕೊಟ್ಟ ಡಾಕ್ಟರಿಗೆ ಚೀಟಿ ಬರೆದುಕೊಟ್ಟೆ, ತಿಂಗಳು ಬಿಟ್ಟು ಮತ್ತೆ ಬನ್ನಿ ಅಂದೆ. ಕೆಲವರಿಗೆ ತಡವಾಗಿ ಹರಿಯುವುದುಂಟು.

ಇಂಥ ಪರೀಕ್ಷೆಗೆ ಬರುವಾಗ ನುಂಗುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಬನ್ನಿ. "ಆ ಬಿಳಿ ಮಾತ್ರೆ" ಅಂದರೆ ನನಗೆ ಗೊತ್ತಾಗುವುದಿಲ್ಲ. ಜೊತೆಗೆ ಒಬ್ಬರನ್ನು ಕರೆತನ್ನಿ, ಇಲ್ಲವೇ ಆಟೋದಲ್ಲಿ ಬನ್ನಿ. ಪಾಪೆ ಅಗಲಿಸುವ ಹನಿ ಹಾಕಿದ ಮೇಲೆ ಕೆಲವು ಗಂಟೆ ಮಂಜು ಮಂಜು. ಸ್ಕೂಟರ್ ಓಡಿಸಲು ನಾನು ಬಿಡುವುದಿಲ್ಲ.