ಕೇಬಲ್ ಕೀಳಬೇಡಿ ಅನ್ನುವುದು ಯಾಕೆ?

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಕೇಳಿದರೆ ಹಳೇ ಮರದ ಹಿಡಿಯದೂ ಸಿಗುತ್ತದೆ, ಪುಟ್ಟ ಪರದೆ ಇರುವ ಪೆನ್ನಿನಂಥದ್ದೂ ಸಿಗುತ್ತದೆ. ಈ ಎರಡನೆಯದರ ಒಳಗೆ ಒಂದು ಕಂಪ್ಯೂಟರ್ ಕೂತಿದೆ. ತುದಿಯ ಬಿಸಿ ಅಳೆಯುವುದು, ಸುಮ್ನೆ ಇಟ್ಟರೆ ತಣ್ಣಗಾಗುವುದು, ಕೈಗೆತ್ತಿಕೊಂಡ ಕೂಡಲೇ ಮತ್ತೆ ಕಾಯುವುದು ಎಲ್ಲ ಅದರ ಕೆಲಸ. ಹೇಗೆ ಮಾಡಬೇಕೆಂದು ಅದಕ್ಕೆ ಹೇಳಿಕೊಡುವ ಪ್ರೋಗ್ರಾಂ ಫರ್ಮ್‌ವೇರ್. ಯುಎಸ್‌ಬಿ ಕೇಬಲ್ ಸಿಕ್ಕಿಸಿ ಅದನ್ನು ಬದಲಿಸಬಹುದು. ಆದರೆ ಇಂಥ ಸಾಧನಗಳು ಸಾಮಾನ್ಯವಾಗಿ ಒಂದು ಮಾತು ಹೇಳುತ್ತವೆ: ಮಧ್ಯದಲ್ಲಿ ಕೇಬಲ್ ಕೀಳಬೇಡಿ. ಕಿತ್ತರೆ ಏನಾಗುತ್ತದೆ?

ಫರ್ಮ್‌ವೇರ್ ಇರುವುದು ಫ್ಲ್ಯಾಶ್ ಮೆಮೊರಿಯಲ್ಲಿ. ತೋಷಿಬಾದ ಫುಜಿಯೊ ಮಸುವೋಕ 1984ರಲ್ಲಿ ಇದನ್ನು ಜಗತ್ತಿನ ಮುಂದಿಟ್ಟರು. ಅದಕ್ಕೂ ಹಿಂದಿನ ಇಪಿರೋಮ್ ಎಂಬ ಮೆಮೊರಿ ಚಿಪ್‌ಗಳ ನೆತ್ತಿಯ ಮೇಲೆ ಸಣ್ಣ ಕಿಟಕಿ ಇರುತ್ತಿತ್ತು. ಬರೆದದ್ದು ಅಳಿಯಬೇಕಾದರೆ ಚಿಪ್ ಬಿಚ್ಚಿ, ನೇರಳಾತೀತ ಬೆಳಕಿನ ಕೆಳಗಿಟ್ಟು ಕಾಯಬೇಕು. ಫ್ಲ್ಯಾಶ್‌ಗೆ ಆ ರಗಳೆ ಇಲ್ಲ. ಅದರ ಒಂದೊಂದು ಕೋಶದಲ್ಲೂ ಸುತ್ತ ನಿರೋಧಕ ಪದರ ಇರುವ, ಗೇಟ್ ಎಂಬ ಪುಟ್ಟ ಭಾಗ ಇದೆ. ಅಲ್ಲಿಗೆ ತಳ್ಳಿದ ಎಲೆಕ್ಟ್ರಾನ್‌ಗಳು ಕರೆಂಟ್ ಹೋದರೂ ವರ್ಷಗಟ್ಟಲೆ ಅಲ್ಲೇ ಇರುತ್ತವೆ. ಎಲೆಕ್ಟ್ರಾನ್ ತುಂಬಿದ ಕೋಶ 0, ಖಾಲಿ ಕೋಶ 1.

ತೊಡಕಿರುವುದು ಅಳಿಸುವುದರಲ್ಲಿ. 1 ಇದ್ದ ಕಡೆ 0 ಬರೆಯುವುದು ಸುಲಭ. ಅದೇ 0 ಮತ್ತೆ 1 ಆಗಬೇಕಾದರೆ ಸುತ್ತಲಿನ ಕೋಶಗಳನ್ನೂ ಸೇರಿಸಿ ಇಡೀ ತುಂಡನ್ನೇ ಅಳಿಸಬೇಕು. ಒಂದಕ್ಷರ ತಿದ್ದಲು ಸ್ಲೇಟನ್ನೆಲ್ಲ ಒರೆಸಿದ ಹಾಗೆ. ರಾಸ್ಪ್‌ಬೆರಿ ಪೈ ಪಿಕೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ ಈ ತುಂಡು ಕನಿಷ್ಠ 4 ಕೆಬಿ. ಹಾಗಾಗಿ ಮೊದಲು ಅಳಿಸಬೇಕು, ಆಮೇಲೆ ಬರೆಯಬೇಕು. ಈ ಎರಡರ ನಡುವೆ ಸಾಧನದೊಳಗೆ ಹಳೆಯದೂ ಪೂರ್ತಿ ಇಲ್ಲ, ಹೊಸದೂ ಪೂರ್ತಿ ಬಂದಿಲ್ಲ.

ಹಾಗಾದರೆ ಅಳಿಸಿ ಬರೆಯುವ ಕೆಲಸ ಮಾಡುವವರು ಯಾರು? ತಾನೇ ಅಳಿದುಹೋಗುತ್ತಿರುವ ಪ್ರೋಗ್ರಾಂ ಅದನ್ನು ಮಾಡಲಾಗದು, ಅಲ್ವಾ? ಅದಕ್ಕೆಂದೇ ಬೂಟ್‌ಲೋಡರ್ ಎಂಬ ಚಿಕ್ಕ ಪ್ರೋಗ್ರಾಂ ಬೇರೆ ಇರುತ್ತದೆ. ಚಿಪ್ ಎದ್ದ ಕೂಡಲೇ ಸಾಮಾನ್ಯವಾಗಿ ಮೊದಲು ಓಡುವುದು ಇದು. ಎಸ್‌ಟಿಎಂ32 ಎಂಬ ಪುಟ್ಟ ಕಂಪ್ಯೂಟರ್ ಚಿಪ್‌ಗಳಲ್ಲಿ ಕಾರ್ಖಾನೆಯಲ್ಲೇ ಇದನ್ನು ಪ್ರತ್ಯೇಕ ಜಾಗದಲ್ಲಿ ಬರೆದಿರುತ್ತಾರೆ. 2021ರಲ್ಲಿ ಬಂದ ಪಿಕೊದಲ್ಲಂತೂ ಇದು ಫ್ಲ್ಯಾಶ್‌ನಲ್ಲಿ ಅಲ್ಲ, ರೋಮ್‌ನಲ್ಲಿ, ಅಂದರೆ ಚಿಪ್ ತಯಾರಾಗುವಾಗಲೇ ಅಚ್ಚಾಗಿದೆ. ಯಾರೂ ಅಳಿಸಲಾರರು. ಪಿಕೊಗೆ ಫರ್ಮ್‌ವೇರ್ ಹೋಗುತ್ತಿರುವಾಗ ಧೈರ್ಯವಾಗಿ ಕೇಬಲ್ ಕೀಳಿ, ಪರವಾಗಿಲ್ಲ. ಬೂಟ್‌ಸೆಲ್ ಬಟನ್ ಒತ್ತಿಕೊಂಡು ಮತ್ತೆ ಸಿಕ್ಕಿಸಿದರೆ ಆಯಿತು. ನಿಜವಾಗಿ ಭಯಪಡಬೇಕಾದದ್ದು ಬೂಟ್‌ಲೋಡರನ್ನೇ ಬದಲಿಸುವ ಅಪ್‌ಡೇಟ್‌ಗೆ. ಆಗ ಕರೆಂಟ್ ಹೋದರೆ ಎಬ್ಬಿಸಲು ಒಳಗೆ ಯಾರೂ ಇರುವುದಿಲ್ಲ. ಅಂಥ ಸಾಧನ ಮಾಡುವವರು ಎಚ್ಚರಿಕೆ ಬರೆಯುವ ಬದಲು ಇನ್ನೊಂದು ಬೂಟ್‌ಲೋಡರ್ ಇಡಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ಯುಎಸ್‌ಬಿಯಲ್ಲಿ ಈ ಕೆಲಸಕ್ಕೆಂದೇ ಡಿಎಫ್‌ಯು ಎಂಬ ನಿಯಮಾವಳಿ ಇದೆ, ಅದರ 1.1ನೇ ಆವೃತ್ತಿ 2004ರದು. ಕಂಪ್ಯೂಟರ್ ಒಂದು ತುಂಡು ಕಳಿಸಿ ಬರೆದಾಯಿತಾ ಎಂದು ಕೇಳುತ್ತದೆ. ಇನ್ನೂ ಇಲ್ಲ, ಇಷ್ಟು ಮಿಲಿಸೆಕೆಂಡ್ ಬಿಟ್ಟು ಕೇಳು ಎಂದು ಸಾಧನ ಉತ್ತರಿಸುತ್ತದೆ. ಇನ್ನೊಂದು ದಾರಿ ಜಾಣತನದ್ದು. ಸಾಧನ ತಾನೊಂದು ಪೆನ್‌ಡ್ರೈವ್ ಎಂದು ಕಂಪ್ಯೂಟರಿಗೆ ಸುಳ್ಳು ಹೇಳುತ್ತದೆ! ಟಿಎಸ್100 ಎಂಬ ಸೋಲ್ಡರಿಂಗ್ ಐರನ್ ಮಾಡುವುದು ಇದನ್ನೇ. ನೀವು ಫೈಲ್ ಕಾಪಿ ಮಾಡುತ್ತೀರಿ. ಅದು ಹಾದುಹೋಗುವ ಬೈಟ್‌ಗಳನ್ನು ಹಿಡಿದು ಫ್ಲ್ಯಾಶ್‌ಗೆ ಬರೆಯುತ್ತದೆ. ಸರಿಯಾದರೆ ಫೈಲಿನ ಹೆಸರಿನ ಕೊನೆ ಆರ್‌ಡಿವೈ ಎಂದು ಬದಲಾಗುತ್ತದೆ, ಕೆಟ್ಟರೆ ಇಆರ್‌ಆರ್ ಎಂದು. ಆದರೆ ಕಂಪ್ಯೂಟರ್ ಫೈಲಿನ ತುಂಡುಗಳನ್ನು ಸಾಲಾಗಿಯೇ ಕಳಿಸುತ್ತದೆಂಬ ಖಾತ್ರಿ ಇಲ್ಲ. ಅದಕ್ಕೆ ಮೈಕ್ರೋಸಾಫ್ಟ್ ರೂಪಿಸಿದ ಯುಎಫ್2 ಫೈಲಿನಲ್ಲಿ 512 ಬೈಟ್‌ನ ಪ್ರತಿ ತುಂಡೂ ತಾನು ಎಲ್ಲಿ ಕೂರಬೇಕೆಂಬ ವಿಳಾಸವನ್ನು ಜೊತೆಗೇ ಹೊತ್ತು ಬರುತ್ತದೆ. ಹಿಂದುಮುಂದಾಗಿ ಬಂದರೂ ತೊಂದರೆ ಇಲ್ಲ. ಪಿಕೊ ಬಳಸುವುದು ಇದನ್ನೇ.

ಕಂಪ್ಯೂಟರ್ ಸಾಧನವನ್ನು ಗುರುತೇ ಹಿಡಿಯದಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ. ಹಳೆಯ ಮಾದರಿಯ ಯುಎಸ್‌ಬಿ ಕೇಬಲ್‌ನಲ್ಲಿ 4 ತಂತಿ ಇರಬೇಕು: ಕರೆಂಟಿಗೆ ಎರಡು, ಮಾಹಿತಿಗೆ ಎರಡು. ಚಾರ್ಜಿಂಗ್‌ಗೆಂದೇ ಮಾಡಿದ ಅಗ್ಗದ ಕೇಬಲ್‌ಗಳಲ್ಲಿ ಮಾಹಿತಿಯ ತಂತಿಗಳೇ ಇರುವುದಿಲ್ಲ.

ಫೋನುಗಳಲ್ಲಿ ಜಾಗ ಜಾಸ್ತಿ. ಹಾಗಾಗಿ 2016ರ ಆಂಡ್ರಾಯ್ಡ್ 7.0ರಿಂದ ಎರಡು ಪ್ರತಿ ಇಡುವ ಏರ್ಪಾಡು ಬಂತು. ಒಂದು ಓಡುತ್ತಿರುವಾಗ ಇನ್ನೊಂದರ ಮೇಲೆ ಹೊಸದನ್ನು ಬರೆಯುತ್ತಾರೆ, ಅದು ಏಳದಿದ್ದರೆ ಹಳೆಯದಕ್ಕೇ ಮರಳಬಹುದು.

ಇದಕ್ಕೆ ತದ್ವಿರುದ್ಧವಾದದ್ದೂ ನಮ್ಮೂರಲ್ಲೇ ಇದೆ. ಬೆಂಗಳೂರಿನ ಬಿಇಎಲ್ ಕಂಪನಿ ತಯಾರಿಸುವ ಮತಯಂತ್ರಗಳ ಚಿಪ್‌ಗೆ ಪ್ರೋಗ್ರಾಂ ಬರೆಯಲು ಆಗುವುದು ಒಂದೇ ಸಲ ಎಂದು ಚುನಾವಣಾ ಆಯೋಗ ಹೇಳುತ್ತದೆ. ಅಲ್ಲಿ ಬದಲಿಸಲು ಆಗದಿರುವುದೇ ಬೇಕಾದ ಗುಣ. ಅಂಥ ಚಿಪ್‌ನಲ್ಲಿ ತಪ್ಪೊಂದು ಉಳಿದುಬಿಟ್ಟರೆ ಕೇಬಲ್‌ನಿಂದ ಏನೂ ಆಗದು, ಚಿಪ್ಪನ್ನೇ ಬದಲಿಸಬೇಕು.